ಅರುಳಪ್ಪ, ಯೊವಾನ್ನ, ಜಾನ್: ಒಂದೇ ಹೆಸರು

ನಿಮ್ಮ ಮನೆತನದಲ್ಲಿ ಅರುಳಪ್ಪ ಎಂಬ ಹಿರಿಯರಿದ್ದರೆ, ಧರ್ಮಕೇಂದ್ರದ ಹಳೆಯ ದೀಕ್ಷಾಸ್ನಾನದ ದಾಖಲೆಯನ್ನು ಒಮ್ಮೆ ನೋಡಿರಿ. ಲತೀನ್ ಭಾಷೆಯಲ್ಲಿ ಬರೆದ ಪುಟವಾದರೆ ಅಲ್ಲಿ ಅರುಳಪ್ಪನವರ ಬದಲು ‘ಯೊವಾನ್ನೆಸ್’ ಎಂಬವರು ಸಿಕ್ಕಾರು. ಗಾಬರಿಯಾಗಬೇಡಿ, ಇಬ್ಬರೂ ಒಬ್ಬರೇ.

ಹೀಬ್ರೂ ಭಾಷೆಯ ‘ಯೊಹಾನಾನ್’ ಎಂದರೆ ‘ದೇವರು ಕೃಪೆ ತೋರಿದ್ದಾರೆ’ ಎಂದರ್ಥ. ಈ ಹೆಸರು ಮೊದಲಿನಿಂದಲೂ ಚರ್ಚೆಗೆ ಒಳಗಾದದ್ದೇ. ಲೂಕನ ಶುಭಸಂದೇಶದ ಮೊದಲ ಅಧ್ಯಾಯವನ್ನು ನೆನೆಯಿರಿ. ನೆಂಟರಿಷ್ಟರು ಮಗುವಿಗೆ ತಂದೆಯ ಹೆಸರಾದ ಜಕರೀಯ ಎಂದೇ ಇಡಹೊರಟರು. ತಾಯಿ ಎಲಿಜಬೇತಳು ಒಪ್ಪಲಿಲ್ಲ. ಬಂಧುಬಳಗದಲ್ಲಿ ಯಾರಿಗೂ ಆ ಹೆಸರಿಲ್ಲವೆಂದು ಅವರು ಆಕ್ಷೇಪಿಸಿದಾಗ, ಮಾತು ನಿಂತುಹೋಗಿದ್ದ ಜಕರೀಯನು ಹಲಗೆಯ ಮೇಲೆ ಯೊವಾನ್ನ ಎಂದೇ ಬರೆದನು.

ಆ ಹೆಸರು ನಮ್ಮ ನಾಡಿಗೆ ಹಲವು ದಾರಿಗಳಲ್ಲಿ ಬಂದಿತು. ಪೋರ್ಚುಗೀಸರ ಬಾಯಿಂದ ಕೊಂಕಣಿಯಲ್ಲಿ ‘ಜುವಾಂವ್’ ಆಯಿತು. ಸಿರಿಯಾಕ್ ಪರಂಪರೆಯಿಂದ ಮಲಯಾಳದಲ್ಲಿ ‘ಯೋಹನ್ನಾನ್’, ‘ಉಲಹನ್ನಾನ್’ ಆಯಿತು. ತಮಿಳು ಕ್ರೈಸ್ತರಾದರೋ ಉಚ್ಚಾರಣೆಯನ್ನು ಬಿಟ್ಟು ಅರ್ಥವನ್ನೇ ಹಿಡಿದರು: ಅರುಳ್ ಎಂದರೆ ಕೃಪೆ, ಆದ್ದರಿಂದ ‘ಅರುಳಪ್ಪರ್’. ಪೌಲ ಎಂಬ ಹೆಸರಿಗೆ ಲತೀನಿನಲ್ಲಿ ‘ಚಿಕ್ಕವನು’ ಎಂಬ ಅರ್ಥವಿರುವುದರಿಂದ ಸಂತ ಪೌಲರು ‘ಚಿನ್ನಪ್ಪರ್’ ಆದದ್ದೂ ಹೀಗೆಯೇ. ಈ ಹೆಸರುಗಳು ಬೆಂಗಳೂರಿನ ಸೀಮೆಗೆ ಬಂದಾಗ ಮುನಿಯಪ್ಪ, ನಂಜಪ್ಪಗಳ ನಡುವೆ ಅರುಳಪ್ಪ, ಚಿನ್ನಪ್ಪರು ಅಣ್ಣತಮ್ಮಂದಿರಂತೆ ಬೆರೆತುಹೋದರು. ಆದರೆ ಕನ್ನಡದ ಕಿವಿಗೆ ‘ಅರುಳ್’ ಕೃಪೆಯಾಗಿ ಕೇಳಿಸಲಿಲ್ಲ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನೆನಪಾಯಿತು. ಹೆಸರು ಉಳಿಯಿತು, ಅರ್ಥ ಜಾರಿತು.

ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, ಯಲಹಂಕದಲ್ಲಿ 1984ರಲ್ಲಿ ರೈಲ್ವೆ ಗಾಲಿ ಕಾರ್ಖಾನೆ ಆರಂಭವಾದವು. ಕೆಲಸ ಅರಸಿ ನಾನಾ ಕಡೆಗಳಿಂದ ಜನ ಬಂದರು. ಹೀಗಾಗಿ ಯಶವಂತಪುರ, ಹೆಬ್ಬಾಳ, ಯಲಹಂಕಗಳ ದೇವಾಲಯಗಳಲ್ಲಿ ಒಂದೇ ಬೆಂಚಿನಲ್ಲಿ ಅರುಳಪ್ಪ, ಯೋಹನ್ನಾನ್, ಜಾನ್‌ರು ಕುಳಿತುಕೊಳ್ಳುವಂತಾಯಿತು. ಪ್ರೊಟೆಸ್ಟೆಂಟ್ ಬಂಧುಗಳಿಗೆ ಆತ ಯೋಹಾನ, ಆರ್.ಟಿ. ನಗರದ ಮುಸ್ಲಿಂ ನೆರೆಯವರಿಗೆ ಜಕರಿಯಾರ ಮಗ ಯಹ್ಯಾ. ‘ಜಾನ್ ಅರುಳಪ್ಪ’ ಎಂದು ಹೆಸರಿಟ್ಟವರು ಒಂದೇ ಹೆಸರನ್ನು ಎರಡು ಬಾರಿ ಇಟ್ಟಂತಾಯಿತು!

ಇಂದು ಅರುಳಪ್ಪ ಎಂಬ ಹೆಸರನ್ನು ಮೊಮ್ಮಕ್ಕಳಿಗೆ ಇಡಲು ಅನೇಕರು ಹಿಂಜರಿಯುತ್ತಾರೆ. ಹಳೆಯದು, ಹಳ್ಳಿಯದು, ಕ್ರೈಸ್ತ ಹೆಸರಿನಂತಿಲ್ಲ ಎಂಬ ಮಾತುಗಳು ಕೇಳಿಬರುತ್ತವೆ. ಜಾನ್ ಮಾತ್ರ ನಿಜವಾದ ಕ್ರೈಸ್ತ ಹೆಸರೆಂಬ ಭಾವನೆಯೂ ಇದೆ. ಧರ್ಮಸಭೆಯ 1917ರ ಕಾನೂನುಸಂಹಿತೆಯು, ತಂದೆತಾಯಿ ಕ್ರೈಸ್ತ ಹೆಸರನ್ನು ಸೂಚಿಸದಿದ್ದರೆ ಗುರುಗಳೇ ಸಂತರೊಬ್ಬರ ಹೆಸರನ್ನು ಸೇರಿಸಬೇಕೆಂದಿತ್ತು. 1983ರ ಸಂಹಿತೆಯಾದರೋ ಕ್ರೈಸ್ತ ಭಾವನೆಗೆ ಹೊರತಾದ ಹೆಸರಿಡಬಾರದೆಂದಷ್ಟೇ ಹೇಳುತ್ತದೆ. ಹಾಗಿರುವಾಗ ಅರುಳಪ್ಪನಿಗೆ ಕೊರತೆ ಎಲ್ಲಿಯದು? ಕೃಪಾ, ಪ್ರಸಾದ್ ಎಂಬ ಹೆಸರುಗಳೂ ಅದೇ ಅರ್ಥಕ್ಕೆ ಹತ್ತಿರವಾದವಲ್ಲವೇ?

ಮಗುವಿಗೆ ಯಾವ ರೂಪವನ್ನಾದರೂ ಆರಿಸಿಕೊಳ್ಳಿ. ಎಲ್ಲ ದಾಖಲೆಗಳಲ್ಲೂ ಅದನ್ನೇ ಬರೆಸಿ. ಜೂನ್ 24ರಂದು, ಸ್ನಾನಿಕ ಯೊವಾನ್ನರ ಜನನದ ಹಬ್ಬದ ದಿನ, ಅಜ್ಜನ ಹೆಸರು ಅರುಳಪ್ಪ ಎಂದೂ ಅದರ ಅರ್ಥ ದೇವರ ಕೃಪೆ ಎಂದೂ ಆ ಮಗುವಿಗೆ ತಿಳಿಸಿರಿ. ತಿಳಿದ ಮೇಲೆ ಆ ಹೆಸರನ್ನು ಹೇಳಲು ಅದು ನಾಚಿಕೊಳ್ಳದು.