ಫಿಬುಲಾ ಮೂಳೆ ಕಸಿ ಮತ್ತು ಪಾದದ ತೊಂದರೆಗಳು

ಮೊಣಕಾಲಿನ ಕೆಳಗೆ ಇರುವ ಎರಡು ಮೂಳೆಗಳಲ್ಲಿ ಹೊರಮಗ್ಗುಲಿನ ತೆಳ್ಳನೆಯದು ಫಿಬುಲಾ. ಮೈಭಾರದಲ್ಲಿ ಇದರ ಪಾಲು ಸುಮಾರು ಆರರಲ್ಲೊಂದು. ಹಾಗಾಗಿ ಬೇರೆಡೆ ಮೂಳೆ ಕಳೆದುಕೊಂಡವರಿಗೆ ಇದನ್ನು ತೆಗೆದು ಕಸಿ ಮಾಡುತ್ತಾರೆ. ಅದೇ ಕಾಲಿನ ಒಳಮಗ್ಗುಲಿನ ದಪ್ಪ ಮೂಳೆಯಾದ ಟಿಬಿಯಾದ ಕೊರತೆ ತುಂಬಲು ಫಿಬುಲಾವನ್ನು ಸರಿಸಿ ಕೂಡಿಸಿದ ವಿಧಾನವನ್ನು ಶಸ್ತ್ರವೈದ್ಯ ಹಂಟಿಂಗ್ಟನ್ 1905ರಲ್ಲಿ ವರದಿ ಮಾಡಿದರು. 1975ರಲ್ಲಿ ಮೆಲ್ಬರ್ನ್‌ನ ಇಯಾನ್ ಟೇಲರ್ ಮತ್ತು ಸಂಗಡಿಗರು ರಕ್ತನಾಳಗಳ ಸಮೇತ ಮೂಳೆ ತೆಗೆದು, ಸೂಕ್ಷ್ಮದರ್ಶಕದಡಿ ನಾಳಗಳನ್ನು ಹೊಲಿದು ಜೋಡಿಸುವ ಕ್ರಮವನ್ನು ಪ್ರಕಟಿಸಿದರು. 1989ರಲ್ಲಿ ಅಮೆರಿಕದ ಡೇವಿಡ್ ಹಿಡಾಲ್ಗೊ ಹೀಗೆ ತೆಗೆದ ಫಿಬುಲಾದಿಂದ ಕೆಳದವಡೆ ಕಟ್ಟಿದ್ದನ್ನು ವಿವರಿಸಿದರು. ತಂಬಾಕು ಜಗಿಯುವುದರಿಂದ ಬಾಯಿ ಕ್ಯಾನ್ಸರ್ ವ್ಯಾಪಕವಾಗಿರುವ ಭಾರತದಲ್ಲಿ ಈ ಕಸಿಯ ಅಗತ್ಯ ಬಹಳ.

ದವಡೆ ಕೂಡಿತೇ ಎಂಬುದೊಂದೇ ಯಶಸ್ಸಿನ ಅಳತೆಯಾದರೆ ಮೂಳೆ ಕೊಟ್ಟ ಕಾಲಿನ ಪಾಡು ಮರೆಗೆ ಸರಿಯುತ್ತದೆ. ರೋಗಿ ಮುಂದೆ ನಡೆಯಬೇಕಾದದ್ದು ಆ ಕಾಲಿನಿಂದಲೇ.

ಹೆಬ್ಬೆರಳನ್ನು ಮಡಿಸುವ ಸ್ನಾಯು ಹುಟ್ಟುವುದೇ ಫಿಬುಲಾದ ಹಿಂಬದಿಯಿಂದ. ಮೂಳೆ ತೆಗೆದ ಮೇಲೆ ಅದು ಬಲಗುಂದುತ್ತದೆ. ಕೆಲವರಲ್ಲಿ ಗಾಯದ ಕಲೆಗಟ್ಟಿ ಬಿಗಿದುಕೊಳ್ಳುತ್ತದೆ. ಆಗ ಪಾದವನ್ನು ಮೇಲಕ್ಕೆತ್ತಿದರೆ ಹೆಬ್ಬೆರಳು ಕೆಳಕ್ಕೆ ಮುದುಡುತ್ತದೆ, ಪಾದ ಇಳಿಬಿಟ್ಟರೆ ನೆಟ್ಟಗಾಗುತ್ತದೆ. ಹೆಜ್ಜೆ ಹಾಕುವಾಗ ಬೆರಳ ತುದಿ ನೆಲಕ್ಕೆ ಒತ್ತಿ ನೋಯುತ್ತದೆ. ವ್ಯಾಯಾಮದಿಂದ ಸಡಿಲಾಗದಿದ್ದರೆ ಸ್ನಾಯುರಜ್ಜುವನ್ನು ಉದ್ದ ಮಾಡುವ ಅಥವಾ ಕತ್ತರಿಸುವ ಶಸ್ತ್ರಚಿಕಿತ್ಸೆ ಉಂಟು. ಫಿಬುಲಾದ ಮೇಲ್ತುದಿಯ ಕುತ್ತಿಗೆಯನ್ನು ಬಳಸಿ ಹೋಗುವ ನರಕ್ಕೆ ಪೆಟ್ಟಾದರೆ ಪಾದದ ಮೇಲ್ಭಾಗ ಜೋಮುಗಟ್ಟಬಹುದು, ಪಾದವೇ ಜೋತುಬೀಳಬಹುದು.

ಎಲ್ಲಕ್ಕಿಂತ ಗಂಭೀರವಾದದ್ದು ರಕ್ತಸಂಚಾರದ ಅಪಾಯ. ಮೂಳೆಯೊಂದಿಗೆ ತೆಗೆಯುವ ಪೆರೋನಿಯಲ್ ಅಪಧಮನಿಯೇ ಕೆಲವರಲ್ಲಿ ಹುಟ್ಟಿನಿಂದ ಪಾದಕ್ಕೆ ರಕ್ತ ಒಯ್ಯುವ ಮುಖ್ಯ ನಾಳ. ಅಂಥವರಲ್ಲಿ ಅದನ್ನು ತೆಗೆದರೆ ಪಾದವೇ ಕೊಳೆಯುವ ಭಯ. ಪಾದದಲ್ಲಿ ನಾಡಿ ಚೆನ್ನಾಗಿ ಸಿಕ್ಕಿತೆಂದ ಮಾತ್ರಕ್ಕೆ ಈ ಅನುಮಾನ ಪೂರ್ತಿ ಕಳೆಯದು. ಸಿಟಿ ಆಂಜಿಯೋಗ್ರಫಿ ಬಂದ ಮೇಲೆ ಕಾಲಿನ ನಾಳಗಳನ್ನು ಮೊದಲೇ ನೋಡಿಕೊಳ್ಳುವುದು ಸುಲಭವಾಗಿದೆ.

ಪಾದದ ಕೀಲು ಅಲುಗದಿರಲೆಂದು ಕೆಳತುದಿಯಲ್ಲಿ ಸುಮಾರು 6ರಿಂದ 8 ಸೆಂಟಿಮೀಟರ್ ಮೂಳೆ ಉಳಿಸುವುದು ರೂಢಿ. ಬೆಳೆಯುವ ಮಕ್ಕಳಲ್ಲಿ ಇಷ್ಟೇ ಸಾಲದೆ, ಕೀಲು ಹೊರಕ್ಕೆ ವಾಲುವುದುಂಟು. ಅದಕ್ಕಾಗಿ ಉಳಿದ ತುಂಡನ್ನು ಟಿಬಿಯಾಕ್ಕೆ ಬೆಸೆದು, ಬೆಳವಣಿಗೆ ಮುಗಿಯುವವರೆಗೂ ಪಾದವನ್ನು ಆಗಾಗ ಪರೀಕ್ಷಿಸುತ್ತಾರೆ.