ಪ್ರೊಸೆಸರ್ ನಂಬೋದು ಹೇಗೆ? 1994ರ ಪಾಠ

ಜೇಜುರಿಯಿಂದ ಮಾತಾಡ್ತಿದ್ದೀನಿ. ನಮ್ಮ ಕಡೆಯ ಮೈಲಾರಲಿಂಗ ಇಲ್ಲಿ ಖಂಡೋಬಾ. ಭಾನುವಾರ ದರ್ಶನ ಮುಗಿಸಿ ಗುಡ್ಡ ಇಳಿಯುವಾಗ ಗೆಳೆಯ ಕೇಳಿದ: "ಕೂಡಿಟ್ಟ ದುಡ್ಡೆಲ್ಲಾ ಹಾಕಿ ಡೆಸ್ಕ್‌ಟಾಪ್ ಕಟ್ತಿದ್ದೀನಿ. ಕೈಕೊಡದ ಪ್ರೊಸೆಸರ್ ಯಾವುದೋ?"

ನಾನು ಹೆಸರು ಹೇಳಲಿಲ್ಲ, ಇತಿಹಾಸ ಹೇಳಿದೆ.

1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿದ್ದಾಗ ಇಂಟೆಲ್ ಪೆಂಟಿಯಂನ ಭಾಗಾಕಾರ ತಪ್ಪುತ್ತಿರುವುದನ್ನು ಕಂಡರು. 4195835ನ್ನು 3145727ರಿಂದ ಭಾಗಿಸಿದರೆ 1.3338 ಬರಬೇಕು, ಬರುತ್ತಿದ್ದದ್ದು 1.3337. ಚಿಪ್ ಒಳಗಿನ ಕೋಷ್ಟಕದಲ್ಲಿ ಕೆಲವು ಮನೆಗಳು ತುಂಬಿರಲಿಲ್ಲ, ಅಷ್ಟೇ! ಕಂಪನಿ ಮೊದಲು ಅಗತ್ಯ ತೋರಿಸಿದವರಿಗೆ ಮಾತ್ರ ಬದಲಿ ಕೊಡ್ತೀವಿ ಅಂದಿತು. ಜನ ಸಿಟ್ಟಾದರು. ಡಿಸೆಂಬರ್‌ನಲ್ಲಿ ಕೇಳಿದವರಿಗೆಲ್ಲ ಕೊಡಲು ಒಪ್ಪಿತು. ಲೆಕ್ಕಕ್ಕೆ ಬಿದ್ದ ಖರ್ಚು 47.5 ಕೋಟಿ ಡಾಲರ್.

ಅದು ಹುಟ್ಟಿನಿಂದ ಬಂದ ದೋಷ. 2024ರಲ್ಲಿ ಬಯಲಾದದ್ದು ಸವಕಳಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಹೊಸದರಲ್ಲಿ ಚೆನ್ನಾಗಿದ್ದು, ಅತಿ ವೋಲ್ಟೇಜ್‌ನಿಂದ ನಿಧಾನಕ್ಕೆ ಹಾಳಾದವು. ಮೈಕ್ರೋಕೋಡ್ ಅಪ್‌ಡೇಟ್ ಮುಂದಿನ ಹಾನಿ ತಡೆಯಲು ಬಂತು, ಆಗಿಹೋದ ಹಾನಿಗೆ ಮದ್ದಾಗಲಿಲ್ಲ. ವಾರಂಟಿ ಎರಡು ವರ್ಷ ಹೆಚ್ಚಿತು.

ಎರಡೂ ಸಲ ಮೊದಲ ವಾರದ ವೇಗದ ಅಂಕಿ ಏನೂ ಹೇಳಿರಲಿಲ್ಲ. ಹಾಗಾಗಿ ನನ್ನ ಅಳತೆ ಇಷ್ಟು: ಮಾಡೆಲ್ ಒಂದೆರಡು ವರ್ಷ ಜನರ ಕೈಯಲ್ಲಿ ಓಡಿದೆಯಾ? ದೋಷ ಸಿಕ್ಕಾಗ ಕಂಪನಿ ಹೇಗೆ ನಡ್ಕೊಂಡಿತು? ವಾರಂಟಿ ಎಷ್ಟು ವರ್ಷ? ತಂದ ಮೇಲೆ ಮೊದಲು ಬಯಾಸ್ ಅಪ್‌ಡೇಟ್ ಮಾಡಿ, ವಾಪಸ್ ಕೊಡೋ ಅವಧಿಯೊಳಗೇ ಒಂದು ರಾತ್ರಿ ಪೂರ್ತಿ ದುಡಿಸಿ ನೋಡಿ.

ಗೆಳೆಯ ಈಗ ಬಿಲ್‌ಗಿಂತ ಮುಂಚೆ ವಾರಂಟಿ ಓದ್ತಿದ್ದಾನೆ. ನೀವೂ ಓದಿ.