ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವಾಗಿನ ಶುಚಿತ್ವ

ಮನೆಯ ಸೆಪ್ಟಿಕ್ ಟ್ಯಾಂಕ್, ಕಕ್ಕಸು ಗುಂಡಿ, ಓಡಾಡುವ ವಾಹನಗಳ ಶೌಚತೊಟ್ಟಿ ಇವುಗಳಲ್ಲಿ ತುಂಬಿದ ಮಲತ್ಯಾಜ್ಯವನ್ನು ಹೊರತೆಗೆಯುವಾಗ ಕೆಲಸಗಾರರ ಮೈ, ಮನೆಯ ಅಂಗಳ ಮತ್ತು ಸುತ್ತಲಿನ ನೀರು ಹೊಲಸಾಗದಂತೆ ಕಾಯುವ ಕ್ರಮ. ಕೈಗವಸು, ಗಮ್ ಬೂಟು, ಸಾಬೂನು ಇವೆಲ್ಲ ಇದರ ಭಾಗಗಳೇ ಆದರೂ ಮುಖ್ಯ ಭಾಗವಲ್ಲ. ಟ್ಯಾಂಕನ್ನು ಹೇಗೆ ಕಟ್ಟಿದ್ದಾರೆ, ಎಷ್ಟು ವರ್ಷಕ್ಕೊಮ್ಮೆ ತೆಗೆಸುತ್ತಾರೆ, ಪೈಪನ್ನು ಯಾವ ಕ್ರಮದಲ್ಲಿ ಜೋಡಿಸಿ ಬಿಚ್ಚುತ್ತಾರೆ ಎಂಬುದರ ಮೇಲೆ ಈ ಕೆಲಸ ಶುಚಿಯಾಗಿ ನಡೆಯುತ್ತದೋ ಇಲ್ಲವೋ ಎನ್ನುವುದು ನಿಂತಿದೆ. ಕೈ ಹಾಕಬೇಕಾದ ಸಂದರ್ಭವೇ ಬಾರದಂತೆ ಮಾಡುವುದೇ ಇಲ್ಲಿ ಮೊದಲ ಶುಚಿತ್ವ.

ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮಾಗನೂರು, ಮಕ್ತಲ್ ಹಾಗೂ ಕೃಷ್ಣಾ ನದಿಯಾಚೆಯ ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಒಳಚರಂಡಿ ಜಾಲವಿಲ್ಲ. ಕನ್ನಡ ಮತ್ತು ತೆಲುಗು ಎರಡೂ ಕಿವಿಗೆ ಬೀಳುವ ಈ ಭಾಗದ ಮನೆಗಳಲ್ಲಿ ಶೌಚದ ನೀರು ಹಿತ್ತಲಿನ ಗುಂಡಿಗೋ ಟ್ಯಾಂಕಿಗೋ ಸೇರುತ್ತದೆ. ಕೃಷ್ಣೆಯ ಎರಡೂ ದಂಡೆಯಲ್ಲಿ ಎರೆಭೂಮಿ ಬಹಳ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ನೀರು ಇಂಗಗೊಡುವುದಿಲ್ಲ. ಆದ್ದರಿಂದ ಕೆಂಪು ಮಣ್ಣಿನಲ್ಲಿ ಸಲೀಸಾಗಿ ಇಂಗುವ ಗುಂಡಿ ಇಲ್ಲಿ ಬೇಗ ತುಂಬುತ್ತದೆ, ಮಳೆಗಾಲದಲ್ಲಿ ಉಕ್ಕುವುದೂ ಉಂಟು. ಗುಂಡಿಯ ಸುತ್ತ ಮರಳಿನ ಪದರ ಕೊಟ್ಟು ಕಟ್ಟಿದರೆ ತೊಂದರೆ ತಗ್ಗುತ್ತದೆ. ಕಟ್ಟುವಾಗ ಉಳಿಸಿದ ಆ ಮರಳಿನ ದುಡ್ಡು ಮುಂದೆ ಗುಂಡಿ ತೆಗೆಸುವ ಖರ್ಚಿನಲ್ಲಿ ಹೋಗುತ್ತದೆ.

ಸೆಪ್ಟಿಕ್ ಟ್ಯಾಂಕಿನಲ್ಲಿ ಗಟ್ಟಿ ಅಂಶ ತಳಕ್ಕಿಳಿದು ಕೆಸರಾಗುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಗೆ ಹರಿಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕೆಂಬುದು ಎಂಜಿನಿಯರುಗಳು ಹೇಳುವ ಲೆಕ್ಕ. ನಡೆಯುವುದು ಬೇರೆ. ಟ್ಯಾಂಕ್ ಕಟ್ಟಿಕೊಂಡು ವಾಸನೆ ಬರುವವರೆಗೂ ಅದನ್ನು ಯಾರೂ ನೆನೆಯುವುದಿಲ್ಲ. ವರ್ಷಗಟ್ಟಲೆ ಬಿಟ್ಟ ಕೆಸರು ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಕೆಸರು ಹೀರುವ ಸಕ್ಕಿಂಗ್ ಗಾಡಿಯ ಪೈಪು ಅದನ್ನು ಎಳೆಯಲಾರದು. ಆಗ ಸಲಿಕೆ, ಬಕೆಟ್ಟು, ಕೊನೆಗೆ ಒಳಗಿಳಿಯುವ ಮನುಷ್ಯ. ಗಾರೆಯ ಚಪ್ಪಡಿಯಲ್ಲಿ ಬಾಯಿಯನ್ನೇ ಬಿಡದೆ ಮುಚ್ಚಿದ ಟ್ಯಾಂಕುಗಳೂ ಬೇಕಾದಷ್ಟಿವೆ. ಅಂಥದ್ದನ್ನು ತೆರೆಯಲು ಚಪ್ಪಡಿ ಒಡೆಯಬೇಕು, ಒಡೆದ ಚೂರು ಒಳಗೆ ಬೀಳುತ್ತದೆ, ಅದನ್ನು ತೆಗೆಯಲು ಮತ್ತೆ ಇಳಿಯಬೇಕು. ಮನೆಯವರು ‘ತಳ ಕಾಣುವ ತನಕ ತೆಗೀರಿ’ ಎಂದು ಪಟ್ಟು ಹಿಡಿಯುವುದೂ ಇಷ್ಟೇ ಕೆಟ್ಟದ್ದು. ತಳದಲ್ಲಿ ಸ್ವಲ್ಪ ಕೆಸರು ಉಳಿದರೆ ನಷ್ಟವಿಲ್ಲ. ಹೊಸದಾಗಿ ಬಂದು ಬೀಳುವುದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಅದರಲ್ಲಿಯೇ ಇರುತ್ತವೆ.

ಸಕ್ಕಿಂಗ್ ಗಾಡಿ ಎಂದರೆ ಲಾರಿಯ ಮೇಲೋ ಟ್ರ್ಯಾಕ್ಟರಿನ ಹಿಂದೋ ಕೂರಿಸಿದ ಟ್ಯಾಂಕರು, ನಿರ್ವಾತ ಪಂಪು ಮತ್ತು ದಪ್ಪ ಪೈಪು. ಇದರ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಹೊಲಸು ಚೆಲ್ಲುವ ಜಾಗ ಯಾವುದೆಂದು ತಿಳಿದಿರುತ್ತದೆ. ಪೈಪು ಟ್ಯಾಂಕಿನಲ್ಲಿರುವಾಗ ಚೆಲ್ಲುವುದು ಕಡಿಮೆ, ಬಿಚ್ಚುವಾಗ ಚೆಲ್ಲುತ್ತದೆ. ಪಂಪು ನಿಲ್ಲಿಸಿ ತುಂಬಿದ ಪೈಪನ್ನು ಹಾಗೆಯೇ ಕಳಚಿದರೆ ಒಳಗಿದ್ದದ್ದೆಲ್ಲ ಬೂಟಿನ ಮೇಲೆ, ಅಂಗಳದ ಮೇಲೆ. ಬಲ್ಲವರು ಪಂಪು ಓಡುತ್ತಿರುವಾಗಲೇ ಪೈಪಿನ ತುದಿಯನ್ನು ಕೆಸರಿನಿಂದ ನಿಧಾನವಾಗಿ ಮೇಲೆತ್ತುತ್ತಾರೆ. ಗಾಳಿ ನುಗ್ಗಿ ಪೈಪಿನಲ್ಲಿ ಉಳಿದದ್ದು ಟ್ಯಾಂಕರಿಗೆ ಸೇರುತ್ತದೆ. ಆಮೇಲೆ ಒಂದೆರಡು ಬಕೆಟ್ ನೀರನ್ನು ಅದೇ ಪೈಪಿನಿಂದ ಎಳೆಸಿದರೆ ಒಳಗೋಡೆ ತೊಳೆದಂತಾಗುತ್ತದೆ. ನಂತರ ಟ್ಯಾಂಕರಿನ ವಾಲ್ವು ಮುಚ್ಚಿ, ಜೋಡಣೆಯ ಕೆಳಗೆ ಬಕೆಟ್ಟಿಟ್ಟು ಕಳಚಿ, ಎರಡೂ ತುದಿಗೆ ಮುಚ್ಚಳ ಹಾಕಬೇಕು. ಶುರುವಿನಲ್ಲಿಯೂ ಇದೇ ನಿಯಮ: ಜೋಡಣೆ ಬಿಗಿಯಾಗಿ ಕೂತ ಮೇಲೆ ಮಾತ್ರ ವಾಲ್ವು ತೆರೆಯಬೇಕು. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಂತರೆ ಹನಿಯೂ ವಾಸನೆಯೂ ಮುಖಕ್ಕೆ ಬರುವುದಿಲ್ಲ.

ಉಡುಪಿನಲ್ಲಿ ಜನ ಮರೆಯುವ ಸಣ್ಣ ಸಂಗತಿ ಒಂದಿದೆ. ಪ್ಯಾಂಟನ್ನು ಗಮ್ ಬೂಟಿನೊಳಗೆ ತುರುಕಬಾರದು, ಬೂಟಿನ ಮೇಲೆ ಇಳಿಬಿಡಬೇಕು. ಇಲ್ಲವಾದರೆ ತೊಡೆಯ ಮೇಲೆ ಸಿಡಿದದ್ದು ಜಾರಿ ಬೂಟಿನೊಳಗೆ ನಿಂತು ದಿನವಿಡೀ ಪಾದಕ್ಕೆ ಅಂಟಿಕೊಂಡಿರುತ್ತದೆ. ಕೈಗವಸು ಮೊಣಕೈವರೆಗೆ ಬರುವ ದಪ್ಪ ರಬ್ಬರಿನದ್ದಾಗಬೇಕು. ಬಟ್ಟೆಯ ಗವಸು ಹೀರಿಕೊಂಡು ಹೊಲಸನ್ನು ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ಗವಸು ತೊಟ್ಟ ಕೈಯಲ್ಲಿ ಮೊಬೈಲು, ಗಾಡಿಯ ಸ್ಟೀರಿಂಗು, ಮನೆಯ ನಲ್ಲಿ ಮುಟ್ಟಿದರೆ ತೊಟ್ಟೂ ಪ್ರಯೋಜನವಿಲ್ಲ. ಮೊದಲು ಗವಸನ್ನು ತೊಳೆದು, ಆಮೇಲೆ ಒಳಮೈ ಹೊರಗಾಗುವಂತೆ ಕಳಚಿ, ಬರಿಗೈಯನ್ನು ಸಾಬೂನು ಹಚ್ಚಿ ತೊಳೆಯಬೇಕು. ನೀರು ಹಾಕಲು ಇನ್ನೊಬ್ಬರಿದ್ದರೆ ಒಳ್ಳೆಯದು. ಸ್ಯಾನಿಟೈಸರು ಇಲ್ಲಿ ಸಾಬೂನಿಗೆ ಬದಲಿಯಲ್ಲ. ಕೊಳೆ ಮೆತ್ತಿದ ಕೈಯಲ್ಲಿ ಅದು ಕೆಲಸ ಮಾಡುವುದಿಲ್ಲ, ಜಂತುಹುಳುವಿನ ಮೊಟ್ಟೆಯನ್ನಂತೂ ಅದು ಕೊಲ್ಲದು.

ಮಲತ್ಯಾಜ್ಯದಿಂದ ಟೈಫಾಯಿಡ್, ಕಾಲರಾ, ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ಬಾಯಿಯ ಮೂಲಕ ಬರುತ್ತವೆ. ಕೊಕ್ಕೆಹುಳು ಬರಿಗಾಲಿನ ಚರ್ಮವನ್ನೇ ತೂರಿ ಒಳಹೋಗುತ್ತದೆ. ದುಂಡುಹುಳುವಿನ ಮೊಟ್ಟೆ ಹಸಿ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕಿರಬಲ್ಲದು. ಚೆಲ್ಲಿದ ಜಾಗಕ್ಕೆ ಮೊದಲು ಮಣ್ಣೋ ಬೂದಿಯೋ ಹಾಕಿ ಎತ್ತಿ, ನಂತರ ಬ್ಲೀಚಿಂಗ್ ಪೌಡರಿನ ನೀರು ಹಾಕುವುದು ಸರಿಯಾದ ಕ್ರಮ. ಬ್ಲೀಚಿಂಗ್ ಪೌಡರನ್ನು ಕಕ್ಕಸು ತೊಳೆಯುವ ಆಸಿಡ್ಡಿನ ಜೊತೆ ಎಂದಿಗೂ ಬೆರೆಸಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶವನ್ನು ಸುಡುತ್ತದೆ.

ಅನಿಲದ ಅಪಾಯ ಇವೆಲ್ಲಕ್ಕಿಂತ ದೊಡ್ಡದು. ಮುಚ್ಚಿದ ಟ್ಯಾಂಕಿನಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಸೇರಿಕೊಂಡಿರುತ್ತವೆ, ಆಮ್ಲಜನಕ ಕಡಿಮೆಯಿರುತ್ತದೆ. ಹೈಡ್ರೋಜನ್ ಸಲ್ಫೈಡ್ ಕೊಂಚವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗ ಮುಟ್ಟಿದಾಗ ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗದು. ‘ಈಗ ವಾಸನೆ ಹೋಯ್ತು, ಇಳಿಯಬಹುದು’ ಎಂಬ ಮಾತು ಅದಕ್ಕೇ ಪ್ರಾಣಾಂತಕ. ಈ ಅನಿಲ ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಕೆಸರು ಕದಡಿದೊಡನೆ ಒಮ್ಮೆಲೇ ಮೇಲೇಳುತ್ತದೆ. ಒಬ್ಬ ಕುಸಿದಾಗ ಅವನನ್ನು ಎಳೆಯಲು ತಮ್ಮನೋ ಗೆಳೆಯನೋ ಇಳಿದು ಅವನೂ ಸಾಯುವುದು ಈ ದುರಂತಗಳಲ್ಲಿ ಮತ್ತೆ ಮತ್ತೆ ನಡೆದಿದೆ. ಮುಖಕ್ಕೆ ಕಟ್ಟಿದ ಟವೆಲ್ಲಾಗಲಿ ಬಟ್ಟೆಯ ಮಾಸ್ಕಾಗಲಿ ಅನಿಲವನ್ನು ತಡೆಯುವುದಿಲ್ಲ. ಬೀಡಿ ಹಚ್ಚುವುದು, ಬೆಂಕಿಕಡ್ಡಿ ಗೀರಿ ನೋಡುವುದು ಮೀಥೇನಿಗೆ ಕಿಡಿ ಕೊಟ್ಟಂತೆ. ಮೇಲಿನಿಂದ ಪೈಪು ಬಿಟ್ಟು ಎಳೆಯುವುದೊಂದೇ ಮಾರ್ಗ. ಇಳಿಯುವುದು ಬೇಡವೇ ಬೇಡ.

ಕಾನೂನು ಕೂಡ ಬಹುಮಟ್ಟಿಗೆ ಇದೇ ಕಡೆಗಿದೆ, ಅದರ ಹಿಂದೆ ಹೋರಾಟವೂ ಇದೆ. ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯ ನಿಷೇಧಕ್ಕೆ 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮುಂದಾದರು. ಕೋಲಾರದ ಚಿನ್ನದ ಗಣಿಯ ಬಡಾವಣೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅಲ್ಲಿನ ಒಣ ಕಕ್ಕಸುಗಳ ವಿರುದ್ಧ ದನಿಯೆತ್ತಿ, ಸಫಾಯಿ ಕರ್ಮಚಾರಿ ಆಂದೋಲನದ ಮೂಲಕ ದೇಶವ್ಯಾಪಿ ಹೋರಾಟ ಕಟ್ಟಿದರು; 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ತಲೆಮಾರುಗಳಿಂದ ಮಲ ಹೊರುತ್ತಿದ್ದ ಭಂಗಿ ಸಮುದಾಯದವರು ಒಕ್ಕಲೆಬ್ಬಿಸುವಿಕೆಯ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಕರ್ನಾಟಕ ಮರೆಯಬಾರದ ದಿನವದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕೇಂದ್ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಅಥವಾ ಒಳಚರಂಡಿಗೆ ಜನರನ್ನು ಇಳಿಸುವುದನ್ನು ಅಪರಾಧವಾಗಿಸಿತು. ಮೊದಲ ಬಾರಿ ತಪ್ಪಿಗೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೀಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿ, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕೇಂದ್ರ ಸರ್ಕಾರ ಟ್ಯಾಂಕ್ ಸ್ವಚ್ಛತೆಯ ದೂರಿಗೆಂದು 14420 ಸಹಾಯವಾಣಿಯನ್ನೂ ತೆರೆದಿದೆ.

ಸೆಪ್ಟಿಕ್ ಟ್ಯಾಂಕಿಗಿಂತ ಹಳ್ಳಿಗೆ ಹೆಚ್ಚು ಒಗ್ಗುವುದು ಜೋಡಿಗುಂಡಿ. ಒಂದು ತುಂಬಿದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಕನಿಷ್ಠ ಒಂದು ವರ್ಷ ಮುಚ್ಚಿಡುತ್ತಾರೆ. ಅಷ್ಟರಲ್ಲಿ ಒಳಗಿನದು ವಾಸನೆಯಿಲ್ಲದ, ಪುಡಿಪುಡಿಯಾದ ಕಪ್ಪು ಗೊಬ್ಬರವಾಗುತ್ತದೆ. 2017ರ ಫೆಬ್ರುವರಿಯಲ್ಲಿ ಕೇಂದ್ರ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯದ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ಇದೇ ತೆಲಂಗಾಣದ ವರಂಗಲ್ ಸೀಮೆಯ ಗಂಗದೇವಿಪಲ್ಲಿಯಲ್ಲಿ ಅಂಥ ಗುಂಡಿಗೆ ತಾವೇ ಇಳಿದು ಗೊಬ್ಬರ ತೆಗೆದು ತೋರಿಸಿದರು. ಹೀಗೆ ಇಳಿಯುವುದು ಅವಧಿ ಮುಗಿದ ಜೋಡಿಗುಂಡಿಗೆ ಮಾತ್ರ ಹೊಂದುತ್ತದೆ, ಸೆಪ್ಟಿಕ್ ಟ್ಯಾಂಕಿಗೆ ಅಲ್ಲ. ಎರೆಭೂಮಿಯಲ್ಲಿ ಮಳೆನೀರು ನುಗ್ಗಿದ ಗುಂಡಿ ಒಂದು ವರ್ಷಕ್ಕೆ ಒಣಗದೆ ಇರಬಹುದು. ಒದ್ದೆಯಿದ್ದರೆ ಮುಟ್ಟದೆ ಇನ್ನಷ್ಟು ತಿಂಗಳು ಬಿಡಬೇಕು.

ಹೊಲಸು ಕೈಗೆ ತಾಕದಂತೆ ಕ್ರಮವಾಗಿ ತೆಗೆಯುವ ಈ ಲೆಕ್ಕ ವಾಹನಗಳಿಗೂ ಉಂಟು. ಅಡುಗೆಮನೆ, ಮಂಚ, ಕಕ್ಕಸು ಎಲ್ಲ ಇರುವ ಕ್ಯಾರವಾನ್ ವಿದೇಶದ ಕನ್ನಡ ಕುಟುಂಬಗಳಿಗೆ ರಜೆಯ ಸಂಗಾತಿ. ಅದರಲ್ಲಿ ಮಲದ ತೊಟ್ಟಿ ಬೇರೆ, ಸ್ನಾನ–ಪಾತ್ರೆಯ ನೀರಿನ ತೊಟ್ಟಿ ಬೇರೆ. ಮೊದಲು ಮಲದ ತೊಟ್ಟಿ ಬಿಟ್ಟು, ಆಮೇಲೆ ಸ್ನಾನದ ನೀರು ಬಿಟ್ಟರೆ ಅದೇ ಪೈಪನ್ನು ತೊಳೆಯುತ್ತದೆ. ತೊಟ್ಟಿ ಬಹುಪಾಲು ತುಂಬುವವರೆಗೆ ವಾಲ್ವು ತೆರೆಯಬಾರದು, ಇಲ್ಲವಾದರೆ ನೀರು ಹರಿದುಹೋಗಿ ಗಟ್ಟಿ ಅಂಶ ಅಂಟಿಕೊಳ್ಳುತ್ತದೆ. ಕುಡಿಯುವ ನೀರು ತುಂಬುವ ಪೈಪನ್ನು ಈ ಜಾಗಕ್ಕೆ ತರಲೇಬಾರದು. ರೈಲಿನಲ್ಲೂ ಇದೇ ಪ್ರಶ್ನೆ ಏಳುತ್ತದೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ಮಾರ್ಗ ಲೋಕಾರ್ಪಣೆಗೊಂಡು ಮಾಗನೂರಿನ ಮೇಲೆ ರೈಲು ಓಡತೊಡಗಿದೆ. ಹಿಂದೆ ಬೋಗಿಯ ಕಕ್ಕಸಿನಿಂದ ನೇರ ಹಳಿಗೆ ಬೀಳುತ್ತಿದ್ದದ್ದು ಈಗ ರೈಲ್ವೆಯು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಜೊತೆಗೂಡಿ ರೂಪಿಸಿದ ಜೈವಿಕ ಟ್ಯಾಂಕಿನಲ್ಲಿ ಕೊಳೆಯುತ್ತದೆ. ಪ್ರಯಾಣಿಕರು ಪ್ಲಾಸ್ಟಿಕ್ಕು, ಬಟ್ಟೆ, ಪ್ಯಾಡು ಎಸೆದಾಗ ಅದು ಕಟ್ಟಿಕೊಳ್ಳುತ್ತದೆ, ಬಿಡಿಸುವುದು ಡಿಪೋದ ಕೆಲಸಗಾರರ ಪಾಲಿಗೆ ಬರುತ್ತದೆ.

ಸಕ್ಕಿಂಗ್ ಗಾಡಿ ತುಂಬಿಕೊಂಡು ಹೋದ ಮೇಲೆ ಅದು ಎಲ್ಲಿ ಸುರಿಯುತ್ತದೆ ಎಂಬುದನ್ನು ಮನೆಯವರು ಕೇಳಬೇಕು. ಹಳ್ಳಕ್ಕೆ ಸುರಿದರೆ ಅದು ಕೃಷ್ಣೆಗೇ ಸೇರುತ್ತದೆ, ಕೆಳಗಿನ ಊರಿನ ಕೊಡಕ್ಕೆ ಬರುತ್ತದೆ. ಅದು ಹೋಗಬೇಕಾದದ್ದು ಸಂಸ್ಕರಣಾ ಘಟಕಕ್ಕೆ. ಬೆಂಗಳೂರು ಬಳಿಯ ದೇವನಹಳ್ಳಿಯಲ್ಲಿ ಪುರಸಭೆ ಮತ್ತು ನೈರ್ಮಲ್ಯ ಕ್ಷೇತ್ರದ ಸಿಡಿಡಿ ಸಂಸ್ಥೆ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಕಟ್ಟಿದವು. ಪಟ್ಟಣ ಮಟ್ಟದಲ್ಲಿ ಇದು ದೇಶದ ಮೊದಲ ಘಟಕಗಳಲ್ಲೊಂದು. ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಇಲ್ಲಿ ಕೆಸರು ಇಳಿಜಾರಿನಲ್ಲಿಯೇ ಹರಿದು, ಕೊಳೆತು, ಹಾಸಿನ ಮೇಲೆ ಒಣಗುತ್ತದೆ. ಒಣಗಿದ್ದನ್ನು ಊರಿನ ಹಸಿ ಕಸದೊಂದಿಗೆ ಸೇರಿಸಿ ಗೊಬ್ಬರ ಮಾಡಿ ರೈತರಿಗೆ ಕೊಡುತ್ತಾರೆ.